ಸುತ್ತೂರು ಕಡೆಯವರು

ನಂಜನಗೂಡಿನ ಪ್ರವಾಸಿ ಮಂದಿರದ ಕನ್ನಡಿಯಲ್ಲಿ ತನ್ನ ಬರಿಗುತ್ತಿಗೆಯನ್ನು ಕಂಡು ಗೋವಿಂದಯ್ಯನಿಗೆ ಇದು ಬೇರೆ ಯಾರದೋ ಕುತ್ತಿಗೆ ಅನ್ನಿಸಿತು. ಇಷ್ಟು ವರ್ಷ ಹೈಕೋರ್ಟಿನ ಬಿಳಿ ಬ್ಯಾಂಡಿನ ಹಿಂದೆ ಅಡಗಿಕೊಂಡಿದ್ದ ಚರ್ಮ ಪುಕ್ಕ ತರಿದ ಕೋಳಿಯದರ ಹಾಗೆ ಸುಕ್ಕುಗಟ್ಟಿತ್ತು. ಉಗುಳು ನುಂಗಿದಾಗ ಗಂಟಲಗಂಟು ಮೇಲಕ್ಕೆ ಹೋಗಿ, ಏನೋ ಮರೆತವರಂತೆ ಮತ್ತೆ ಕೆಳಗಿಳಿಯುತ್ತಿತ್ತು. ಈ ಕುತ್ತಿಗೆಗೇ ಇವತ್ತು ತಿರುಮಕೂಡಲು ನರಸೀಪುರದಲ್ಲಿ ಹಾರ ಬೀಳುವುದಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ, ಹೇಗೆ ಹಿಡಿದರೂ ಫೋಟೋದಲ್ಲಿ ಮುಖ ಮುಚ್ಚುವ ಫಲಕ. ಅರಳೀಹುಂಡಿಯ ಹೋಟೆಲ್ ಕೇಸನ್ನು ಹೈಕೋರ್ಟಿನಲ್ಲಿ ಗೆದ್ದು ಕೊಟ್ಟ ಹಿರಿಯ ವಕೀಲರಿಗೆ ತಾಲೂಕಿನ ಜನತೆಯ ಸನ್ಮಾನ ಎಂದು ಮಾದೇಶ ಫೋನಿನಲ್ಲಿ ಹೇಳಿದಾಗ, "ಇವೆಲ್ಲಾ ಯಾಕಪ್ಪ" ಎಂದು ಮೂರು ಸಲ ಅಂದು, ನಾಲ್ಕನೆಯ ಸಲ ಅವನು ನಿಜವಾಗಿಯೂ ಬೇಡವೆಂದುಕೊಂಡುಬಿಟ್ಟಾನೆಂಬ ಭಯದಿಂದ ತಾರೀಕು ಕೇಳಿದ್ದ. ಮಾದೇಶ ನರಸೀಪುರದ ವಕೀಲ. ಕೆಳಗಿನ ಕೋರ್ಟಿನಲ್ಲಿ ಆ ಕೇಸಿಗಾಗಿ ಏಳು ವರ್ಷ ಓಡಾಡಿ ಸೋತವನು. ಸೋತವನಿಗೆ ಶಾಮಿಯಾನ ಹಾಕಿಸುವ ಕೆಲಸ, ಗೆದ್ದವನಿಗೆ ಶಾಲು.

ಬೆಂಗಳೂರಿನ ಮನೆಯ ಬೀರುವಿನಲ್ಲಿ ಇಂಥ ಶಾಲುಗಳಿಗೆಂದೇ ಒಂದು ಅರೆ ಇತ್ತು. ಹೆಂಡತಿ ಅವನ್ನು ಬಾಣಂತಿಯರನ್ನು ನೋಡಲು ಹೋಗುವಾಗ ಒಂದೊಂದಾಗಿ ಒಯ್ಯುತ್ತಿದ್ದಳು. ಹಾಗೆ ಹೊರಗೆ ಹೋದ ಶಾಲಿನಲ್ಲಿ ಯಾವುದೋ ಮಗು ಮಲಗಿರುತ್ತದೆಂದು ಗೋವಿಂದಯ್ಯ ಸಮಾಧಾನಪಟ್ಟುಕೊಂಡರೂ, ಎಷ್ಟು ಉಳಿದಿವೆಯೆಂದು ಆಗಾಗ ಬೀರು ತೆಗೆದು ನೋಡುತ್ತಿದ್ದ. ಕನ್ನಡಿಯ ಮುಂದೆ ಭಾಷಣ ಶುರುಮಾಡಿದ. "ಇದು ಒಂದು ಲೋಟ ಟೀಯ ಪ್ರಶ್ನೆಯಲ್ಲ. ಈ ದೇಶ ಒಂದೇ ಬೆಂಚಿನ ಮೇಲೆ ಕೂರಬಲ್ಲದೇ ಎಂಬ ಪ್ರಶ್ನೆ." ಪತ್ರಿಕೆಯೊಂದು ಈ ಮಾತನ್ನು ಪೆಟ್ಟಿಗೆ ಕಟ್ಟಿ ಅಚ್ಚುಹಾಕಿದ ಮೇಲೆ ಅದು ಅವನ ಹೆಸರಿನ ಹಿಂದೆ ಡಿಗ್ರಿಯ ಹಾಗೆ ಅಂಟಿಕೊಂಡಿತ್ತು. ಕೋರ್ಟಿನಲ್ಲಿ ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನ್ಯಾಯಮೂರ್ತಿಗಳು ಸೀನಿ, ಕರವಸ್ತ್ರ ಹುಡುಕಿ, "ಯಾವ ಪುಟ, ಗೋವಿಂದಯ್ಯನವರೇ?" ಎಂದಿದ್ದರು. ಅದನ್ನು ಯಾವ ಪತ್ರಿಕೆಯೂ ಹಾಕಲಿಲ್ಲ. ಮಗಳು ಕವನ ಮಾತ್ರ ಹೇಗೋ ಪತ್ತೆ ಮಾಡಿ, ಅವನು ಮನೆಯಲ್ಲಿ ಟೀ ಕೇಳಿದಾಗಲೆಲ್ಲ, "ಇದು ಟೀ ಪ್ರಶ್ನೆಯಲ್ಲಪ್ಪಾ, ಯಾವ ಪುಟ?" ಅನ್ನುತ್ತಿದ್ದಳು.

ಕಾರನ್ನು ತಾನೇ ಓಡಿಸಿಕೊಂಡು ಹೊರಟ. ಬೇಸಿಗೆ ರಜೆಯ ಬೆಳಗು. ನಾಲೆಯಲ್ಲಿ ನೀರು ನಿಂತಿತ್ತು, ಬಾಳೆತೋಟಗಳ ನಡುವೆ ಗಾಳಿ ಅಲ್ಲಾಡದೆ ಕೂತಿತ್ತು. ದೇವನೂರಿನ ಕಡೆ ತಿರುಗುವ ದಾರಿ ಬಂದಾಗ ವೇಗ ತಾನಾಗಿ ಕಡಿಮೆಯಾಯಿತು. ಅದು ಅವನ ಊರು. ದೊಡ್ಡಪ್ಪನ ಮಕ್ಕಳು ಅಲ್ಲೇ ಇದ್ದಾರೆ. ಹೋದರೆ ಕೋಳಿ ಕೊಯ್ಯುತ್ತಾರೆ, ಖಾರದ ಸಾರು ಬಡಿಸುತ್ತಾರೆ, ಮಾರನೆಯ ದಿನ ಅವನ ಹೊಟ್ಟೆ ಕೆಡುತ್ತದೆ. ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡದ್ದಕ್ಕೆ ಅವನು ತನಗೇ ಕೊಟ್ಟುಕೊಂಡ ಕಾರಣ ಹೊಟ್ಟೆಯದು. ಒಳ್ಳೆಯ ವಕೀಲ ಇನ್ನೂ ಬಲವಾದ ಕಾರಣ ಹುಡುಕುತ್ತಿದ್ದ. ಎಡಗಡೆಯ ಹಲಗೆಯ ಮೇಲೆ ಲಿಂಗಾಯತರ ಮಠವಿರುವ ಸುತ್ತೂರಿನ ಹೆಸರು ಬಾಣದ ಗುರುತಿನೊಂದಿಗೆ ಸರಿದುಹೋಯಿತು. ಕಣ್ಣ ಮುಂದೆ ಅವ್ವ ಅಂಗೈಗಳನ್ನು ಬೊಗಸೆ ಮಾಡಿ ನಿಂತಿದ್ದಾಳೆ, ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಅಂಗಡಿಯ ಜಗಲಿಯ ಕೆಳಗೆ. ಮೇಲಿನಿಂದ ಟೀ ಬೀಳುತ್ತದೆ, ಬೊಗಸೆ ಸುಡುತ್ತದೆ, ಅವಳು ಕುಡಿಯದೆ ಬಗ್ಗಿ ಅವನ ಬಾಯಿಗೆ ಹಿಡಿಯುತ್ತಾಳೆ, ಬೇಗ ಬೇಗ ಎನ್ನುತ್ತಾಳೆ. ಅವ್ವನ ಕೈಯ ರುಚಿಯೋ ಟೀಯ ರುಚಿಯೋ, ಬೆಲ್ಲದ ಜೊತೆ ಮಣ್ಣು ಬೆರೆತಂಥದ್ದು. ಎದುರಿಗೆ ಕಬ್ಬಿನ ಲಾರಿ ಹಾರನ್ ಹೊಡೆದಾಗ ಗೋವಿಂದಯ್ಯ ಸ್ಟಿಯರಿಂಗ್ ಎಳೆದುಕೊಂಡ.

ಆ ಬೊಗಸೆಯ ವಿಷಯವನ್ನು ಅವನು ಯಾವ ಕೋರ್ಟಿನಲ್ಲೂ ಹೇಳಿರಲಿಲ್ಲ. ಅಪೀಲಿನ ವಕೀಲನಿಗೆ ಬೇಕಾದ್ದು ದಾಖಲೆ, ಕಲಮು, ಹಳೆಯ ತೀರ್ಪು, ಅವ್ವ ಸಾಕ್ಷಿಪಟ್ಟಿಯಲ್ಲಿರಲಿಲ್ಲ. ಅದಕ್ಕೆ ಬದಲಾಗಿ ಅವನಲ್ಲಿ ಒಂದು ಅಭ್ಯಾಸ ಉಳಿದುಕೊಂಡಿತ್ತು. ಯಾರ ಮನೆಗೆ ಹೋದರೂ, ಚಪ್ಪಲಿ ಬಿಡುವ ಮೊದಲೇ, "ಕಾಫಿ ಈಗ ತಾನೇ ಆಯ್ತು" ಅಂದುಬಿಡುತ್ತಿದ್ದ. ಸಹೋದ್ಯೋಗಿಗಳು ಅದನ್ನು ಸಂಯಮ ಎಂದುಕೊಂಡಿದ್ದರು. ಒಬ್ಬರಂತೂ ತಮ್ಮ ಮಕ್ಕಳಿಗೆ, "ನೋಡಿ, ಗೋವಿಂದಯ್ಯ ಮಾಮನಿಗೆ ಕಾಫಿ ಚಟ ಕೂಡ ಇಲ್ಲ" ಎಂದು ಉದಾಹರಣೆ ಕೊಟ್ಟಿದ್ದರು. ಕೊಡುವ ಮೊದಲೇ ಬೇಡವೆಂದರೆ ಯಾವ ಲೋಟದಲ್ಲಿ ಕೊಡುತ್ತಾರೆಂದು ನೋಡುವ ಪ್ರಸಂಗ ಬರುವುದಿಲ್ಲ. ಹೀಗೆ ಮೂವತ್ತು ವರ್ಷ ಯಾರಿಂದಲೂ ಅವಮಾನವಾಗದಂತೆ ನೋಡಿಕೊಂಡು, ಸಂಜೆ ಮನೆಗೆ ತಲೆನೋವಿನಿಂದ ಬರುತ್ತಿದ್ದ.

ಅರಳೀಹುಂಡಿ ಬಂದಾಗ ಸಭೆಗೆ ಇನ್ನೂ ಹೊತ್ತಿತ್ತು. ರಸ್ತೆಯ ಬದಿಗೆ ಅರಳಿಮರ, ಅದರ ಕೆಳಗೆ ಬಸ್ಸಿಗೆ ಕಾಯುವ ಕಟ್ಟೆ, ಎದುರಿಗೆ ಹಂಚಿನ ಹೋಟೆಲು. ಗೋವಿಂದಯ್ಯ ಕಾರು ನಿಲ್ಲಿಸಿದ. ಈ ಊರನ್ನು ಅವನು ಎಂದೂ ನೋಡಿರಲಿಲ್ಲ, ಆದರೆ ಪೊಲೀಸರು ಬರೆದ ಸ್ಥಳದ ನಕ್ಷೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಬಾಗಿಲು, ಎರಡು ಬೆಂಚು, ಒಲೆ. ನಕ್ಷೆಯಲ್ಲಿ ಹೋಟೆಲು ಪೂರ್ವಕ್ಕೆ ಮುಖ ಮಾಡಿತ್ತು. ಇಲ್ಲಿ ಸೂರ್ಯ ಹಿತ್ತಿಲ ಕಡೆಯಿಂದ ಬರುತ್ತಿದ್ದ. ಮೂವರು ನ್ಯಾಯಾಧೀಶರು, ಆರು ಜನ ವಕೀಲರು ಒಬ್ಬರಿಗೊಬ್ಬರು ದಿಕ್ಕು ತೋರಿಸಿಕೊಂಡು ಇಷ್ಟು ವರ್ಷ ವಾದಿಸಿದ್ದೆಲ್ಲ ತಿರುಗಾಮುರುಗಾ ಕೂರಿಸಿದ ಹೋಟೆಲಿನೊಳಗೆ ಎಂದು ಅವನಿಗೆ ನಗು ಬಂತು. ಇದೇ ಬಾಗಿಲಲ್ಲಿ, ಒಂದು ಮಳೆಯ ಸಂಜೆ, ಕೂಲಿ ಮಾಡುವ ಕೇರಿಯ ಚಲುವಮ್ಮ ಜ್ವರ ಬಂದ ಮಗಳನ್ನು ಎತ್ತಿಕೊಂಡು ಒಳಗೆ ಬಂದು ಬೆಂಚಿನ ಮೇಲೆ ಕೂತಿದ್ದಳು. ಹೋಟೆಲಿನ ಶಿವಮಲ್ಲಪ್ಪ ಅವಳ ರಟ್ಟೆ ಹಿಡಿದು ಮಳೆಗೆ ದಬ್ಬಿದ್ದ. ನೋಡಿದವರು ಕೋರ್ಟಿನಲ್ಲಿ ನೋಡಲಿಲ್ಲವೆಂದರು, ಕೆಳಗಿನ ಕೋರ್ಟು ಅವನನ್ನು ಬಿಟ್ಟಿತು, ಸರ್ಕಾರ ಅಪೀಲು ಹೋಯಿತು, ಅದಕ್ಕೆ ವಿಶೇಷ ವಕೀಲನಾಗಿ ನೇಮಕವಾದ ಗೋವಿಂದಯ್ಯ ಆ ತೀರ್ಪನ್ನು ರದ್ದು ಮಾಡಿಸಿ ಶಿವಮಲ್ಲಪ್ಪನಿಗೆ ಒಂದು ತಿಂಗಳ ಸಜೆ ಕೊಡಿಸಿದ.

ತಾನು ಯಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಅವನು ಒಳಗೆ ಕಾಲಿಟ್ಟ. ಒಬ್ಬ ಮುದುಕ ಗೋಡೆಗೊರಗಿ ಟೀ ಕುಡಿಯುತ್ತಿದ್ದ. ಹಣೆಗೆ ವಿಭೂತಿ ಬಳಿದ ದಪ್ಪ ಮನುಷ್ಯ ಒಲೆಯ ಹತ್ತಿರದಿಂದ ಎದ್ದು ಬಂದ.

"ಬನ್ನಿ ಸಾ, ಬನ್ನಿ. ಕೂತ್ಕಳಿ. ಚನ್ನಬಸಮ್ಮಾ, ಆ ಫ್ಯಾನ್ ಆಕು."

ಒಳಗಿನಿಂದ ಅವನ ಹೆಂಡತಿಯ ಕೈ ಮಾತ್ರ ಬಂದು ಸ್ವಿಚ್ ಒತ್ತಿ ಹೋಯಿತು. ಶಿವಮಲ್ಲಪ್ಪ ಹೆಗಲ ವಸ್ತ್ರದಿಂದ ಬೆಂಚು ಒರೆಸಿದ. ಇಸ್ತ್ರಿಯ ಬಿಳಿ ಪ್ಯಾಂಟು ಆ ಬೆಂಚಿನ ಮೇಲೆ ಕೂತಿತು.

"ಒಂದು ಟೀ ಕೊಡಿ" ಎಂದ ಗೋವಿಂದಯ್ಯ.

ಶಿವಮಲ್ಲಪ್ಪ ಒಂದು ಗಳಿಗೆ ನಿಂತು ಅವನ ಮುಖ ನೋಡಿದ. ಆಮೇಲೆ ಗಾಜಿನ ಲೋಟವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಟೀ ಸೋಸುತ್ತಾ, ತಿರುಗದೆಯೇ ಕೇಳಿದ. "ಯಾವೂರಾಯ್ತು ಸಾ ತಮ್ದು?"

"ಸುತ್ತೂರು ಕಡೆ."

ಮಾತು ಬಾಯಿಂದ ಬಿದ್ದ ಮೇಲೆ ಗೋವಿಂದಯ್ಯನಿಗೆ ಕೇಳಿಸಿತು. ಯಾರು ಹೇಳಿದರು ಇದನ್ನು? ಗಂಟಲಗಂಟು ಮೇಲೆ ಹೋಗಿ ಕೆಳಗೆ ಬಂತು. ಕೂಡಲೇ ಒಳಗಿನ ವಕೀಲ ಎದ್ದು ನಿಂತ. ಸುಳ್ಳೇನಲ್ಲ, ಊರು ಅನ್ನಲಿಲ್ಲ, ಕಡೆ ಅಂದದ್ದು. ದೇವನೂರು ಸುತ್ತೂರಿನ ಕಡೆಯೇ ಇದೆ, ಹಾಗೆ ನೋಡಿದರೆ ಅರ್ಧ ತಾಲೂಕು ಸುತ್ತೂರಿನ ಕಡೆಯೇ ಇದೆ. ಪ್ರಶ್ನೆ ಊರಿನದು, ಉತ್ತರ ದಿಕ್ಕಿನದು. ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲವೆಂದಾದರೆ ಕೇಳಿದವನು ಮತ್ತೆ ಕೇಳಬೇಕಿತ್ತು.

"ಓ, ಮಠದ ಕಡೆಯೋರು" ಅಂದ ಶಿವಮಲ್ಲಪ್ಪ.

ಗೋವಿಂದಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಲ್ಲಗಳೆಯಬೇಕಾದಲ್ಲಿ ಸುಮ್ಮನಿದ್ದರೆ ಒಪ್ಪಿದಂತೆಯೇ ಎಂದು ಎಷ್ಟು ಕೇಸುಗಳಲ್ಲಿ ಎದುರಾಳಿಯ ಮೇಲೆ ಮುಗಿಬಿದ್ದಿದ್ದ! ಟೀ ಬಂತು. ಒಳ್ಳೆಯ ಟೀ, ಶುಂಠಿ ಜಜ್ಜಿ ಹಾಕಿದ್ದು. ರುಚಿಯಾಗಿದೆಯೆನ್ನಿಸಿದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಕಡೆಯ ಪಕ್ಷ ಕೆಟ್ಟದಾಗಿದ್ದಿದ್ದರೆ.

"ಇದೇ ಓಟ್ಲು ಕಣ್ ಸಾ ಐಕೋರ್ಟ್ ಗಂಟ ಓಗಿದ್ದು" ಎಂದು ಶಿವಮಲ್ಲಪ್ಪ ಎದುರಿಗೆ ಕೂತ. "ಪೇಪರ್‌ನಾಗೆ ಬಂದಿತ್ತಲ್ಲ, ನೋಡಿಲ್ವಾ ತಾವು?"

"ಇಲ್ಲ" ಎಂದ ಗೋವಿಂದಯ್ಯ. ಇದಕ್ಕೆ ಯಾವ ದಿಕ್ಕಿನ ಆಸರೆಯೂ ಇರಲಿಲ್ಲ.

"ಒಂದು ತಿಂಗ್ಳು ಮೈಸೂರ್ ಜೈಲ್‌ನಾಗಿದ್ದೆ ಸಾ. ಅಲ್ಲಿ ಎಲ್ಲಾರ್ನೂ ಒಂದೇ ಸಾಲಲ್ಲಿ ಕೂರ್ಸಿ ಮುದ್ದೆ ಇಕ್ಕೋರು. ಮೊದಲ ದಿನ ಉಣ್ಣಕ್ಕಿಲ್ಲ ಅಂದೆ. ಎರಡ್ನೇ ದಿನ ಉಂಡೆ. ಒಟ್ಟೆ ಕೇಳ್ತದಾ ಸಾ?" ಅವನ ದನಿಯಲ್ಲಿ ಸಿಟ್ಟೂ ಇತ್ತು, ತಮಾಷೆಯೂ ಇತ್ತು. ಯಾವುದು ಎಷ್ಟೆಂದು ತಿಳಿಯುವಂತಿರಲಿಲ್ಲ. "ಈಗ ಯಾರ್ ಬಂದ್ರೂ ಕೊಡ್ತೀನಿ, ಇದೇ ಲೋಟದಲ್ಲಿ. ಬೋರ್ಡೂ ಬರ್ಸಿವ್ನಿ ನೋಡಿ. ಆದ್ರೆ ಕೇರಿಯೋರು ಯಾರೂ ಬರಾಕಿಲ್ಲ. ಗೆದ್ದೋರೇ ಬರ್ನಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಗೋಡೆಯಲ್ಲಿ ನಿಜವಾಗಿಯೂ ಬೋರ್ಡಿತ್ತು: ಎಲ್ಲರಿಗೂ ಪ್ರವೇಶವಿದೆ. ಬಾಗಿಲಿನಿಂದ ಕಾಣದಂತೆ, ಒಳಗೆ ಬಂದು ಕೂತವರಿಗೆ ಮಾತ್ರ ಕಾಣುವಂತೆ ಅದನ್ನು ಹೊಡೆದಿದ್ದರು.

ಆಗ ಹೊರಗಿನಿಂದ ಕೂಗು ಬಂತು. "ಲಾಯರ್ ಸಾ! ಗೋವಿಂದಯ್ನೋರೇ!"

ಅರಳಿಕಟ್ಟೆಯ ಹತ್ತಿರ, ನರಸೀಪುರದ ಬಸ್ಸಿಗೆ ಬಂದು ನಿಂತಿದ್ದ ಚಲುವಮ್ಮ, ಹೊಸ ಸೀರೆಯಲ್ಲಿ, ಬಾಗಿಲಿನ ಕತ್ತಲೆಯೊಳಕ್ಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬೆಂಗಳೂರಿನ ಅವನ ಆಫೀಸಿಗೆ ಬಂದಿದ್ದಾಗ ಗಂಟೆಗಟ್ಟಲೆ ಮಾತಾಡಿದ್ದವಳು. ಅವಳಿಗೂ ಇವತ್ತು ಸನ್ಮಾನವಿತ್ತು. ಗೋವಿಂದಯ್ಯನ ಕತ್ತು ಅವನನ್ನು ಕೇಳದೆ ಗೋಡೆಯ ಕಡೆ ತಿರುಗಿತು. ಅಲ್ಲಿ ಗೊಬ್ಬರದ ಕಂಪನಿಯ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಒಬ್ಬ ರೈತ ನಗುತ್ತಾ ಭತ್ತದ ತೆನೆ ಹಿಡಿದಿದ್ದ. ಇವನು ಯಾಕೆ ಹೀಗೆ ನಗುತ್ತಾನೆ ಎಂದು ಗೋವಿಂದಯ್ಯ ಬಹಳ ಆಸಕ್ತಿಯಿಂದ ನೋಡತೊಡಗಿದ. ಇನ್ನೊಂದು ಸಲ ಕೂಗಿದರೆ ತಿರುಗುತ್ತೇನೆ ಎಂದು ಲೆಕ್ಕ ಹಾಕಿದ. ಅವಳು ಕೂಗಲಿಲ್ಲ. ಪಕ್ಕದಲ್ಲಿ ನಿಂತಿದ್ದವಳಿಗೆ ಹೇಳುವುದು ಕೇಳಿಸಿತು. "ಅಲ್ಲ ಕಣವ್ವ. ಅವ್ರು ಯಾಕ್ ಇಲ್ಲಿ ಬಂದು ಕೂತಾರು? ಬ್ಯಾರೆ ಯಾರೋ."

"ಕೂಗ್ತಾವ್ಳಲ್ಲ ಸಾ" ಎಂದ ಶಿವಮಲ್ಲಪ್ಪ, ಮೆತ್ತಗೆ. "ನಿಮ್ಮನ್ನೇ."

ಗೋವಿಂದಯ್ಯ ಕ್ಯಾಲೆಂಡರಿನಿಂದ ಕಣ್ಣು ತೆಗೆದ.

"ಐಕೋರ್ಟ್‌ನಾಗೆ ನಿಮ್ ಇಂದ್ಗಡೆ ಬೆಂಚಲ್ಲೇ ಕೂತಿದ್ದೆ ಸಾ. ಮೂರು ದಿನ. ನಿಮ್ ಬೆನ್ನು ನೋಡ್ಕಂಡು. ಇಂಗ್ಲೀಸು ಅರ್ಥ ಆಗ್ನಿಲ್ಲ, ದನಿ ಮಾತ್ರ ಕಿವೀಲೇ ಕುಂತ್ಬುಡ್ತು. ಒಂದು ಟೀ ಕೊಡಿ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು."

"ಮತ್ತೆ... ಯಾವೂರು ಅಂತ ಯಾಕೆ ಕೇಳಿದಿರಿ?"

"ಏನಂತೀರೋ ನೋಡಣಾ ಅಂತ."

ಫ್ಯಾನು ಕಿರ್ರೆಂದು ತಿರುಗುತ್ತಿತ್ತು. ಮುದುಕ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದು ಇಬ್ಬರನ್ನೂ ನೋಡುತ್ತಿದ್ದ. ಶಿವಮಲ್ಲಪ್ಪ ಗಹಗಹಿಸಿ ನಕ್ಕಿದ್ದರೆ, ಬೈದಿದ್ದರೆ, ಕೇಸು ಹಾಕಬಹುದಾದ ಮಾತು ಒಂದಾದರೂ ಆಡಿದ್ದರೆ, ಗೋವಿಂದಯ್ಯನಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಅವನು ಸುಮ್ಮನೆ ಒಲೆಯ ಕಡೆ ಹೋಗಿ ಹಾಲಿನ ಕೆನೆ ಸರಿಸತೊಡಗಿದ. ಆ ಸುಮ್ಮನಿರುವಿಕೆಯಲ್ಲಿ ಇವನನ್ನು ಒಂದು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಒಳಗೆ ಹಾಕಿದಂತಿತ್ತು.

ಗೋವಿಂದಯ್ಯ ಎದ್ದು ರಸ್ತೆ ದಾಟಿದ. ಅವನನ್ನು ನೋಡಿ ಚಲುವಮ್ಮ ಎರಡೂ ಕೈ ಜೋಡಿಸಿದಳು.

"ನೀವೇಯಾ! ಕೂಗ್ದೆ, ತಿರುಗ್ನೇ ಇಲ್ವಲ್ಲ ಸಾ."

"ಕೇಳಿಸ್ತು ಚಲುವಮ್ಮ" ಎಂದ. ಬಿಸಿಲು ಬೆನ್ನಿಗೆ ಹೊಡೆಯುತ್ತಿತ್ತು. "ನಾನು ಯಾವೂರು ಅಂತ ಅವನು ಕೇಳಿದ. ಸುತ್ತೂರು ಕಡೆ ಅಂದೆ. ಮಠದೋರಾ ಅಂದ. ಸುಮ್ಮನಿದ್ದೆ. ಆಮೇಲೆ ನೀನು ಕೂಗಿದೆ."

ಚಲುವಮ್ಮ ಅವನ ಮುಖವನ್ನು ನೋಡಿದಳು, ಆಮೇಲೆ ಹೋಟೆಲನ್ನು ನೋಡಿದಳು. ಬೈಯುತ್ತಾಳೆಂದುಕೊಂಡ, ಬೈಯಲಿ ಎಂದು ತಲೆ ತಗ್ಗಿಸಿಕೊಂಡ. ಅವಳ ಹೊಟ್ಟೆ ಮೊದಲು ಕುಲುಕಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ ನಗು ಹೊರಗೆ ಬಂದು, ಅವಳು ಅರಳಿಕಟ್ಟೆ ಹಿಡಿದುಕೊಂಡು ಕೂತಳು.

"ಅಯ್ಯೋ ನಿಮ್ಮ! ಅಷ್ಟೊಂದು ಓದಿ, ಅಷ್ಟೊಂದು ಕೇಸ್ ಗೆದ್ದು..." ಕಣ್ಣೊರೆಸಿಕೊಂಡು, ಪಕ್ಕದವಳಿಗೆ ಕೇಳದ ಹಾಗೆ ದನಿ ತಗ್ಗಿಸಿದಳು. "ಅಲ್ಲಾ ಸಾ, ನಾನು ಮೈಸೂರ್‌ಗೆ ಮದ್ವೆ ಛತ್ರದ ಕೆಲ್ಸಕ್ ಓಯ್ತೀನಲ್ಲ. ಅಡ್ಗೆ ಮನೇಲಿ ಕಾಯಿ ತುರಿಯೋಕೆ ಬುಡ್ಬೇಕಲ್ಲ, ಅಲ್ಲಿ ನನ್ ಎಸ್ರು ಗೌರಮ್ಮ. ಕೇಸ್ ಗೆದ್ಮೇಲೂ ಗೌರಮ್ಮನೇಯಾ."

ಈಗ ಗೋವಿಂದಯ್ಯನಿಗೂ ನಗು ಬಂತು. ಅದು ಎದೆಯ ಯಾವುದೋ ತುಕ್ಕು ಹಿಡಿದ ಬಾಗಿಲನ್ನು ನೂಕಿಕೊಂಡು ಬಂದಂತೆ ನೋವಾಯಿತು.

"ಬಾ, ಟೀ ಕುಡಿಯೋಣ."

"ನಾನೊಲ್ಲೆ ಸಾ. ನೀವು ಕಾರಲ್ಲಿ ಓಗ್ಬುಡ್ತೀರಿ. ನಾನ್ ಇಲ್ಲೇ ಇರ್ಬೇಕು. ಅವ್ರ ನೆಂಟ್ರ ಗದ್ದೇಲೇ ನನ್ ಕೂಲಿ."

ಇದು ಒಂದು ಲೋಟ ಟೀಯ ಪ್ರಶ್ನೆಯಲ್ಲ ಎಂದು ಸಾವಿರ ಜನರ ಮುಂದೆ ಹೇಳಿದ್ದವನಿಗೆ, ಅದು ಒಂದು ಲೋಟ ಟೀಯ ಪ್ರಶ್ನೆಯೂ ಹೌದು ಎಂಬುದು, ಅದನ್ನು ಕುಡಿದವಳು ನಾಳೆ ಬೆಳಿಗ್ಗೆ ಯಾರ ಗದ್ದೆಯಲ್ಲಿ ಬಗ್ಗಬೇಕೆಂಬ ಪ್ರಶ್ನೆಯೂ ಹೌದು ಎಂಬುದು, ಈ ಬಿಸಿಲಲ್ಲಿ ನಿಂತಾಗ ತಿಳಿದದ್ದು. "ಹಾಗಾದರೆ ಬೇಡ. ನಾನು ಹೇಳಿದ ಮಾತು ಅಲ್ಲಿ ಹಾಗೇ ಬಿದ್ದಿದೆ. ತೆಗೆದು ಬರ್ತೀನಿ" ಎಂದು ಅವನು ಒಬ್ಬನೇ ತಿರುಗಿದ.

ಹೋಟೆಲಿನ ನಡುವೆ ನಿಂತ. "ಶಿವಮಲ್ಲಪ್ಪನವರೇ, ನನ್ನ ಹೆಸರು ಗೋವಿಂದಯ್ಯ. ಅಪ್ಪನ ಹೆಸರು ಕೆಂಪಯ್ಯ. ಊರು ದೇವನೂರು. ಹೊಲಗೇರಿ." ಕಡೆಯ ಪದ ಬರುವಾಗ ದನಿ ಹರಿದು ಕೀರಲಾಯಿತು. ಕಟಕಟೆಯ ಸಾಕ್ಷಿಗಳನ್ನು "ಜೋರಾಗಿ ಹೇಳಿ" ಎಂದು ಎಷ್ಟು ಸಲ ಗದರಿಸಿದ್ದನೋ.

"ಗೊತ್ತು ಕಣ್ ಸಾ" ಅಂದ ಶಿವಮಲ್ಲಪ್ಪ. "ಟೀ ಆರೋಯ್ತು. ಬ್ಯಾರೆ ಕೊಡ್ಲಾ?"

"ಎರಡು ಕೊಡು" ಎಂದಿತು ಬಾಗಿಲಿನಿಂದ ಒಂದು ದನಿ.

ಚಲುವಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಯಾರನ್ನೂ ನೋಡದೆ ನೇರ ಬಂದು, ಗೋವಿಂದಯ್ಯ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ, ಬೆಂಚು ಬಿಸಿಯಾಗಿದೆಯೋ ಎಂಬಂತೆ ಅಂಚಿಗೆ ಕೂತಳು. ಗೋಡೆಯ ಬದಿಯ ಮುದುಕ ಅರ್ಧ ಟೀ ಬಿಟ್ಟು, ಕೋಲು ತಗೊಂಡು, ಕೆಮ್ಮಿ ಹೊರಗೆ ಹೋದ. ಶಿವಮಲ್ಲಪ್ಪ ಅವನು ಹೋದ ದಾರಿಯನ್ನು ನೋಡಿದ, ಬೆಂಚನ್ನು ನೋಡಿದ. ಒಳಬಾಗಿಲಲ್ಲಿ ಚನ್ನಬಸಮ್ಮ, ಈ ಸಲ ಪೂರ್ತಿ, ಬಂದು ನಿಂತಿದ್ದಳು.

"ಸಕ್ರೆ ಎಷ್ಟು ಬೇಕು, ಕೇಳ್ರೀ" ಎಂದಳು ಗಂಡನಿಗೆ.

"ಸಕ್ರೆ?" ಎಂದ ಶಿವಮಲ್ಲಪ್ಪ ಲೋಟದ ಕಡೆ ನೋಡುತ್ತ.

ಚಲುವಮ್ಮನಿಗೆ ಆ ಪ್ರಶ್ನೆ ತನಗೇ ಎಂದು ತಿಳಿಯಲು ಹೊತ್ತಾಯಿತು. "ಜಾಸ್ತಿ ಆಕಿ" ಅಂದಳು.

ಅವಳು ಊದಿ ಊದಿ ಕುಡಿದಳು. ನರಸೀಪುರದ ಬಸ್ಸು ಬಂತು, ಕಂಡಕ್ಟರು ಸೀಟಿ ಹೊಡೆದ, ಪಕ್ಕದವಳು ಕೂಗಿದಳು. "ಓಗ್ಲಿ ಬುಡಿ" ಎಂದು ಚಲುವಮ್ಮ ಇನ್ನೊಂದು ಗುಟುಕು ಎಳೆದಳು. ಮುಗಿದ ಮೇಲೆ ಅವಳ ಕೈ ಲೋಟ ಹಿಡಿದುಕೊಂಡು ಹೊರಗಿನ ನಲ್ಲಿಯ ಕಡೆ, ತೊಳೆಯಲೆಂದು, ತಾನಾಗಿ ಹೊರಟಿತು. ಅರ್ಧ ಎದ್ದವಳು ನಿಂತಳು. ನೋಡಿದರೆ ಗೋವಿಂದಯ್ಯನೂ ಲೋಟ ಹಿಡಿದು ಅರ್ಧ ಎದ್ದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಲೋಟಗಳನ್ನು ಬೆಂಚಿನ ಮೇಲೆ ಇಟ್ಟರು.

ಹೊರಡುವಾಗ ಚಲುವಮ್ಮ ತಿರುಗಿ ನೋಡಲಿಲ್ಲ. ಸಾಕ್ಷ್ಯವಿಲ್ಲದೆ ಬದುಕಲಾರದ ಗೋವಿಂದಯ್ಯ ನೋಡಿದ. ಶಿವಮಲ್ಲಪ್ಪ ಎರಡೂ ಲೋಟಗಳನ್ನು ಎತ್ತಿಕೊಂಡು, ಉಳಿದ ಲೋಟಗಳು ಮುಳುಗಿದ್ದ ಬಕೆಟ್ಟಿನ ಮೇಲೆ ಹಿಡಿದು, ಹಾಕುವುದೋ ಬಿಡುವುದೋ ಎಂಬಂತೆ ನಿಂತಿದ್ದ. ವಕೀಲ ನೋಡುತ್ತಿರುವುದನ್ನು ಕಂಡು ಮುಳುಗಿಸಿದ. ತಾನು ನೋಡದಿದ್ದರೂ ಮುಳುಗಿಸುತ್ತಿದ್ದನೋ ಏನೋ. ಅದನ್ನು ತಿಳಿಯುವ ದಾರಿಯನ್ನು ತಾನೇ ಹಾಳುಮಾಡಿದೆನಲ್ಲ ಎಂದು ಗೋವಿಂದಯ್ಯ ಕಾರಿನ ತನಕ ಪೇಚಾಡಿದ.

ಕಾರಿನಲ್ಲಿ ಚಲುವಮ್ಮ ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ನಾಳೆ ಗದ್ದೆಗೆ ಕರೀತಾರೋ ಇಲ್ವೋ" ಎಂದು ತನಗೇ ಹೇಳಿಕೊಂಡಳು. ಅವನು ಗೇರು ಬದಲಾಯಿಸಿದ. "ಕರೀದಿದ್ರೆ ನಿಮ್ಗೇ ಫೋನ್ ಮಾಡಿಸ್ತೀನಿ, ಬುಡಾಕಿಲ್ಲ" ಎಂದಳು. "ಮಾಡಿಸು" ಎಂದ. ಸೇತುವೆ ಹತ್ತಿರ ಬಂದಾಗ ಅವಳು ಮತ್ತೆ ಕೇಳಿದಳು.

"ಸಾ, ಸುತ್ತೂರು ಕಡೆ ಅಂದಿದ್ನ ಅಲ್ಲಿ ಮೈಕ್‌ನಲ್ಲಿ ಏಳ್ತೀರಾ?"

"ಹೇಳಬೇಕು ಅನ್ನಿಸುತ್ತೆ."

"ಏಳ್ಬ್ಯಾಡಿ. ನೀವ್ ಶುರು ಮಾಡಿದ್ರೆ ನಾನೂ ಗೌರಮ್ಮನ್ ಇಸ್ಯ ಏಳ್ಬೇಕಾಯ್ತದೆ. ಆಮೇಲೆ ಛತ್ರದ ಕೆಲ್ಸವೂ ಓಯ್ತದೆ."

ನರಸೀಪುರದ ಶಾಮಿಯಾನದ ಕೆಳಗೆ ಜನ ಕಾಯುತ್ತಿದ್ದರು. ಮಾದೇಶ ಬೆವರೊರೆಸಿಕೊಂಡು ಓಡಿಬಂದ. ಹಾರ ಬಿತ್ತು, ಶಾಲು ಬಿತ್ತು, ಫಲಕ ಮುಖ ಮುಚ್ಚಿತು. ಮೊದಲು ಸನ್ಮಾನ ಮಾಡಿಸಿಕೊಂಡ ಚಲುವಮ್ಮ ಮುಂದಿನ ಸಾಲಿನಲ್ಲಿ ಹಾರ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗೋವಿಂದಯ್ಯ ಮೈಕಿನ ಮುಂದೆ ನಿಂತಾಗ, ತಯಾರು ಮಾಡಿಕೊಂಡಿದ್ದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ಇವತ್ತು ಬರುವಾಗ ಅರಳೀಹುಂಡಿಯ ಅದೇ ಹೋಟೆಲಿನಲ್ಲಿ, ಅದೇ ಬೆಂಚಿನ ಮೇಲೆ ಕೂತು, ನಾನೂ ಚಲುವಮ್ಮನೂ ಟೀ ಕುಡಿದೆವು."

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಹಿಂದಿನವರು ಎದ್ದು ನಿಂತರು, ಯಾರೋ ಜೈಕಾರ ಹಾಕಿದರು, ಅವನ ಧೈರ್ಯವನ್ನು ಹೊಗಳುವ ಘೋಷಣೆ ಅಲೆಯಲೆಯಾಗಿ ಬಂದು ವೇದಿಕೆಗೆ ಬಡಿಯಿತು. ಅಷ್ಟು ಜನರಲ್ಲಿ ಚಪ್ಪಾಳೆ ತಟ್ಟದವಳು ಚಲುವಮ್ಮ ಒಬ್ಬಳೇ. ಅವಳು ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಕುಲುಕುತ್ತಾ ನಗು ತಡೆಯಲು ಒದ್ದಾಡುತ್ತಿದ್ದಳು. ಅವಳ ಕಡೆ ನೋಡಬಾರದೆಂದುಕೊಂಡೇ ನೋಡಿದ ಹಿರಿಯ ವಕೀಲನಿಗೂ ತಡೆಯಲಾಗಲಿಲ್ಲ. ಶಾಲಿನ ತುದಿಯಿಂದ ಮುಖ ಮುಚ್ಚಿಕೊಂಡ; ಭುಜಗಳು ಅದುರಿದವು. ಸಾಹೇಬರು ಭಾವುಕರಾಗಿದ್ದಾರೆಂದು ಮಾದೇಶ ಮೆಲ್ಲನೆ ಬಂದು ಅವನ ಬೆನ್ನು ಸವರಿ, ಕುಡಿಯಲು ನೀರು ಕೊಟ್ಟ.